ಮಣಿಕಟ್ಟಿನವರೆಗೆ ಮಾತ್ರ

ಮೇಣದ ಬೊಂಬೆ ಮನೆ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಜ್ಜೀ,

ಕಣ್ಣು ಹೇಗಿದೆ? ಪೊರೆ ತೆಗೆಸಿಕೊಂಡ ಕಣ್ಣಿಗೆ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿಸಿಕೊಳ್ಳುತ್ತಿದ್ದೀಯಾ, ಇಲ್ಲ ಅತ್ತೆ ಬಾಟಲಿ ಹಿಡಿದು ಬಂದ ಕೂಡಲೇ ನಿದ್ದೆ ಬಂದವಳ ಹಾಗೆ ಗೊರಕೆ ಹೊಡೆಯುತ್ತೀಯಾ? ಮಂಡಿ ನೋವು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ನೀನು ‘ಅದು ಅದರ ಪಾಡಿಗೆ ಇದೆ, ನಾನು ನನ್ನ ಪಾಡಿಗೆ ಇದ್ದೀನಿ’ ಅನ್ನುತ್ತೀಯ. ಅಕ್ಷರಗಳನ್ನು ಬೇಕೆಂದೇ ದಪ್ಪದಪ್ಪಗೆ ಬರೆಯುತ್ತಿದ್ದೇನೆ. ನೀನೇ ಓದಬೇಕು, ನಿಧಾನಕ್ಕೆ ಓದು, ಕಣ್ಣು ಸೋತರೆ ಮಡಿಸಿಟ್ಟು ನಾಳೆ ಓದು. ಅತ್ತೆಯ ಕೈಲಿ ಮಾತ್ರ ಓದಿಸಬೇಡ. ಅವಳು ಒಳ್ಳೆಯವಳೇ, ಆದರೆ ನಿನಗೆ ನೋವಾಗುತ್ತದೆ ಅನಿಸಿದ ಸಾಲನ್ನು ನುಂಗಿಕೊಂಡು ಮುಂದಿನದಕ್ಕೆ ಹಾರುತ್ತಾಳೆ. ಫೋನಿನಲ್ಲಿ ಹೇಳೋಣವೆಂದರೆ ಸ್ಪೀಕರ್ ಹಾಕಿ ಅಡುಗೆಮನೆ ಕಟ್ಟೆಯ ಮೇಲಿಡುತ್ತಾಳೆ, ನಾನು ನಿನ್ನೊಂದಿಗೆ ಮಾತಾಡುತ್ತಿದ್ದೇನೋ ಕುಕ್ಕರಿನೊಂದಿಗೋ ಗೊತ್ತಾಗುವುದಿಲ್ಲ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದದ್ದು ಇದೇ ಮೊದಲು. ತಪ್ಪುಗಳಿದ್ದರೆ ಸಹಿಸಿಕೋ.

ಬೊಂಬೆ ಮನೆಯಲ್ಲಿ ಏನು ಕೆಲಸ ಮಾಡುತ್ತೀಯೆ ಎಂದು ನೀನು ಕೇಳಿದಾಗಲೆಲ್ಲ ‘ಒರೆಸ್ತೀನಿ, ಗುಡಿಸ್ತೀನಿ’ ಅಂದು ಮುಗಿಸಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಹೇಳಿರಲಿಲ್ಲ. ಬೇಕರಿಯಲ್ಲಿ ಪೆಟ್ಟಿಗೆ ಮಡಚುವ ಕೆಲಸ, ಸೈಕಲ್ ಅಂಗಡಿಯ ಪಂಕ್ಚರ್ ಕೆಲಸ, ಎರಡನ್ನೂ ನಾನು ಬಿಟ್ಟದ್ದು ಒಂದೇ ಕಡೆ ಕೂರಲಾಗದೆ. ಇಲ್ಲಿ ಕೂರುವ ಪ್ರಶ್ನೆಯೇ ಇಲ್ಲ, ಕೂರುವುದೇನಿದ್ದರೂ ಬೊಂಬೆಗಳು. ಮಹಡಿಯ ಮೇಲೆ ಉದ್ದನೆಯ ಒಂದು ಹಾಲ್ ಇದೆ. ಅದರ ಬಾಗಿಲಿಗೆ ಮಾಲೀಕರು ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ದೊಡ್ಡವರ ಚಿಕ್ಕ ಚಟಗಳು’ ಎಂದು ಬರೆಸಿದ್ದಾರೆ. ಒಳಗೆ ಕೆಂಪು ಕುರ್ಚಿಯಲ್ಲಿ ದಂಡನಾಯಕರು, ಬಾಯಲ್ಲಿ ಸಿಗಾರು, ಬೆನ್ನ ಹಿಂದೆ ಅವರ ಕುದುರೆ. ಪಕ್ಕದಲ್ಲಿ ಸಂಗೀತದ ದೊಡ್ಡಮ್ಮ, ಮಡಿಲಲ್ಲಿ ನಶ್ಯದ ಡಬ್ಬಿ. ಅದರಾಚೆ ಚದುರಂಗದ ಚಾಂಪಿಯನ್, ಅವರು ಆಟದ ನಡುವೆ ಸಕ್ಕರೆ ತುಂಡು ಚೀಪುತ್ತಿದ್ದರಂತೆ, ಅಂಗೈಯಲ್ಲಿ ಸಕ್ಕರೆ. ಕೊನೆಯಲ್ಲಿ ನಗೆನಾಟಕದವರು, ಕೋಟಿನ ಒಳಜೇಬಿನಿಂದ ಅರ್ಧ ಇಣುಕುವ ಚಪ್ಪಟೆ ಬಾಟಲಿ. ಕೆಳಮಹಡಿಯಲ್ಲಿ ವಿಜ್ಞಾನಿಗಳು, ವೈದ್ಯರು, ಸಮುದ್ರ ದಾಟಿದವರು ಎಲ್ಲರೂ ಇದ್ದಾರೆ. ಅಲ್ಲಿ ನಮ್ಮ ಟಿಕೆಟ್ ಅಕ್ಕ ಕೂತು ಆಕಳಿಸುತ್ತಾಳೆ. ಮೇಲೆ ನೂಕುನುಗ್ಗಲು.

ಮಾಲೀಕರು ಇದಕ್ಕೊಂದು ಸಿದ್ಧಾಂತ ಇಟ್ಟುಕೊಂಡಿದ್ದಾರೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನವೇ ಹೇಳಿದ್ದರು. ‘ನೋಡು ಬುಗುರಿ, ಸಾಧನೆ ನೋಡಿ ಜನ ದೂರದಲ್ಲಿ ನಿಂತು ಕೈಮುಗೀತಾರೆ. ಚಟ ನೋಡಿದ್ರೆ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕ್ತಾರೆ. ನಮಗೆ ಬೇಕಾಗಿರೋದು ಹೆಗಲ ಮೇಲೆ ಕೈ ಹಾಕೋರು.’ ಚಿಕ್ಕಪ್ಪ ಅವರ ಸಹಪಾಠಿ, ಅದಕ್ಕೇ ನಮ್ಮ ಮನೆಯಲ್ಲಿ ಕರೆಯುವ ಹೆಸರು ಅವರ ಬಾಯಿಗೂ ಬಂದಿದೆ. ಅವರು ಹೇಳಿದ್ದು ನಿಜವೂ ಹೌದು. ಜನ ಬರೀ ಹೆಗಲ ಮೇಲೆ ಕೈ ಹಾಕಿ ಸುಮ್ಮನಿದ್ದಿದ್ದರೆ ನನಗೂ ಬೇಸರವಿರಲಿಲ್ಲ.

ಅಜ್ಜಿ, ನೀನು ಊಟ ಮಾಡುತ್ತಿದ್ದರೆ ಮುಂದಿನದನ್ನು ಆಮೇಲೆ ಓದು. ದಂಡನಾಯಕರ ಸಿಗಾರು ಮೊದಲು ಮರದ್ದಿತ್ತು. ಅಸಲಿ ಅಲ್ಲ ಎಂದು ಯಾರೋ ಗೊಣಗಿದರೆಂದು ಮಾಲೀಕರು ಅಸಲಿಯನ್ನೇ ಸಿಕ್ಕಿಸಿದರು. ಬಂದವರು ಅದನ್ನು ಬೊಂಬೆಯ ಬಾಯಿಂದ ಎಳೆದು ತಮ್ಮ ಬಾಯಿಗಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆದ ಮೇಲೆ ಮತ್ತೆ ಬೊಂಬೆಯ ಬಾಯಿಗಿಡುತ್ತಾರೆ. ಮುಂದಿನವರು ಅದನ್ನೇ ಎಳೆಯುತ್ತಾರೆ. ಟೈ ಕಟ್ಟಿದವರು, ಮದುವೆಯಾದ ಹೊಸತರಲ್ಲಿ ಬಂದವರು, ಮೊಮ್ಮಕ್ಕಳನ್ನು ಕರೆತಂದ ತಾತಂದಿರು, ಎಲ್ಲರೂ. ಬಸ್ಸಿನಲ್ಲಿ ಪಕ್ಕದವರ ನೀರಿನ ಬಾಟಲಿ ಮುಟ್ಟದ ಜನ ಇವರು. ಸಂಜೆಗೆ ಆ ಸಿಗಾರಿನ ತುದಿ ನೆನೆದು ಊದಿಕೊಂಡು ಬಿಚ್ಚಿಕೊಂಡಿರುತ್ತದೆ, ಲಿಪ್‌ಸ್ಟಿಕ್ಕಿನ ಬಣ್ಣ, ಯಾರದೋ ಹಲ್ಲಿನ ಗುರುತು, ಒಮ್ಮೆ ಚೂಯಿಂಗ್ ಗಮ್ ಕೂಡ ಅಂಟಿತ್ತು. ನನ್ನ ಕೆಲಸ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುದಿ ಕತ್ತರಿಸಿ, ಮರುದಿನಕ್ಕೆ ಸಿದ್ಧ ಮಾಡುವುದು. ತೀರಾ ಗಿಡ್ಡವಾದಾಗ ಹೊಸದು ಕೊಡುತ್ತಾರೆ. ಸಂಗೀತದ ದೊಡ್ಡಮ್ಮನ ಕಥೆ ಇನ್ನೂ ಚೆಂದ. ಅವರ ಮೂಗಿನ ಹೊಳ್ಳೆಗಳಲ್ಲಿ ಜನ ಬೆರಳಿಡುತ್ತಾರೆ. ನಶ್ಯ ಇದೆಯೋ ಇಲ್ಲವೋ ನೋಡಲಂತೆ. ನಾನು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಆ ಮೂಗು ಸ್ವಚ್ಛ ಮಾಡುವಾಗ ಪ್ರತಿ ಸಲವೂ ಮನಸ್ಸಿನಲ್ಲೇ ಕ್ಷಮಿಸಿ ಅನ್ನುತ್ತೇನೆ. ಅವರು ಹಾಡಿದ್ದನ್ನು ನಾನು ಕೇಳಿಲ್ಲ. ಈ ಹಾಲಿನಲ್ಲಿ ಯಾರೂ ಕೇಳುವುದಿಲ್ಲ. ಅವರ ಪೀಠದಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಹಾಡು ಬರುವುದಿಲ್ಲ, ಸೀನು ಬರುತ್ತದೆ.

ಈಗ ನಿನ್ನ ವಿಷಯ. ಅತ್ತೆ ಹೇಳಿದಳು, ನೀನು ಕೂದಲಿಗೆ ಬಣ್ಣ ಹಚ್ಚಿಸಿಕೊಂಡಿದ್ದೀಯಂತೆ, ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿಸಿ ಮೊಳೆಗೆ ನೇತುಹಾಕಿದ್ದೀಯಂತೆ. ‘ಅಮ್ಮನ ಉತ್ಸಾಹ ನೋಡ್ಬೇಕು, ಹುಡುಗಿ ಥರ ಆಗಿದಾಳೆ’ ಅಂದಳು. ನಾನು ಅವತ್ತು ಕೆಲಸಕ್ಕೆ ಹೊತ್ತಾಯಿತೆಂದು ಫೋನಿಟ್ಟೆ. ಚಿಕ್ಕಪ್ಪ ನಿನಗೆ ಹೇಳಿರುವುದೇನೆಂದರೆ, ಬೊಂಬೆ ಮನೆಯಲ್ಲಿ ಅಜ್ಜನ ಪ್ರತಿಮೆ ಆಗುತ್ತದೆ, ಅಜ್ಜನ ಪಕ್ಕದಲ್ಲಿ ನಿನ್ನದೂ ಇರುತ್ತದೆ, ನೀನು ಬಂದು ಅಚ್ಚಿಗೆ ಕೈ ಕೊಡಬೇಕು. ಇದರಲ್ಲಿ ಅಜ್ಜನ ಪ್ರತಿಮೆಯೂ ನಿಜ, ಕೈಯ ಅಚ್ಚೂ ನಿಜ. ನಡುವಿನದು ನಿಜವಲ್ಲ. ನಿನ್ನ ಪ್ರತಿಮೆ ಇಲ್ಲ ಅಜ್ಜಿ. ನಿನ್ನ ಕೈ ಇದೆ. ಮಣಿಕಟ್ಟಿನವರೆಗೆ ಮಾತ್ರ. ನಾನು ನಕ್ಷೆ ನೋಡಿದ್ದೇನೆ, ಇದನ್ನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ. ಅಜ್ಜ ರೇಡಿಯೊದಲ್ಲಿ ಪಂದ್ಯ ವರ್ಣಿಸುವಾಗಿನ ಹಾಗೆ ಮೈಕಿನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ, ಬಲಗೈಯಲ್ಲಿ ಸಿಗಾರು. ಅದರ ಕೆಳಗೆ ಒಂದು ಕಬ್ಬಿಣದ ಕೋಲು, ಕೋಲಿನ ತುದಿಯಲ್ಲಿ ಬೊಗಸೆಯ ಹಾಗೆ ಗುಳಿ ಮಾಡಿದ ನಿನ್ನ ಅಂಗೈ. ಬಂದವರು ಸಿಗಾರು ಹಚ್ಚಿಕೊಂಡು ಆ ಅಂಗೈಯಲ್ಲಿ ಬೂದಿ ಉದುರಿಸಬಹುದು. ನಕ್ಷೆಯ ಕೆಳಗೆ ಮಾಲೀಕರು ತಮ್ಮ ಕೈಬರಹದಲ್ಲಿ ‘ಇದು ಹಿಟ್ ಆಗುತ್ತೆ’ ಎಂದು ಬರೆದಿದ್ದಾರೆ.

ಎಲ್ಲಿಂದ ಬಂತು ಈ ಯೋಚನೆ ಎಂದು ನಿನಗೆ ಹೇಳಬೇಕಾಗಿಲ್ಲ. ಆ ಫೋಟೊ. ನಮ್ಮ ಮನೆಯ ಗೋಡೆಯ ಮೇಲೆ, ಅತ್ತೆಯ ಮನೆಯ ಗೋಡೆಯ ಮೇಲೆ, ರೇಡಿಯೊ ಕಚೇರಿಯ ಮೆಟ್ಟಿಲ ಬಳಿ, ಎಲ್ಲ ಕಡೆ ಅದೇ ಫೋಟೊ. ಅಜ್ಜ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾರೆ, ಬೆರಳುಗಳ ನಡುವೆ ಸಿಗಾರು, ಅಂಚಿನಲ್ಲಿ ಗಡಿಯಾರ ಕಟ್ಟಿದ ಒಂದು ಕೈ, ಅಂಗೈ ತುಂಬ ಬೂದಿ. ಅವತ್ತಿನ ಪತ್ರಿಕೆ ಅದರ ಕೆಳಗೆ ‘ಬೂದಿಗೂ ಭಾಗ್ಯ ಬೇಕು’ ಎಂದು ಹಾಕಿತ್ತು. ಎಷ್ಟು ಜನ ಅದನ್ನು ಓದಿ ತಲೆದೂಗಿದರೋ. ಚಿಕ್ಕವಳಿದ್ದಾಗ ನಾನೂ ತಲೆದೂಗಿದ್ದೇನೆ, ಆ ಕೈ ನಮ್ಮ ಅಜ್ಜಿಯದು ಎಂದು ಗೆಳತಿಯರಿಗೆ ತೋರಿಸಿದ್ದೇನೆ. ಒಬ್ಬಳು ‘ಮುಖ ಎಲ್ಲೇ?’ ಅಂತ ಕೇಳಿದಳು. ಮುಖ ಫೋಟೊದ ಆಚೆಗೆ ಉಳಿದಿದೆ ಅಂದೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೆಂದು ಆಗ ಹೊಳೆಯಲಿಲ್ಲ.

ಅಜ್ಜನ ಮೇಲೆ ನನಗೆ ದ್ವೇಷವಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ನನಗೆ ಸಿಡುಬು ಎದ್ದು ಮೈತುಂಬ ಗುಳ್ಳೆಯಾಗಿದ್ದಾಗ, ಎಲ್ಲೂ ನಡೆಯದ ಫುಟ್‌ಬಾಲ್ ಪಂದ್ಯವೊಂದನ್ನು ನನ್ನ ಹಾಸಿಗೆಯ ಪಕ್ಕ ಕೂತು ಪಿಸುದನಿಯಲ್ಲಿ ಪೂರ್ತಿ ವರ್ಣಿಸಿದ್ದರು. ಮೈ ಕೆರೆಯುವುದನ್ನೇ ಮರೆತು ಗೋಲು ಯಾವಾಗ ಆಗುತ್ತದೆಂದು ಕಾದಿದ್ದೆ. ಅಂಥ ದನಿ ಇನ್ನೊಂದು ಬರಲಿಕ್ಕಿಲ್ಲ. ಆದರೆ ಮಾಲೀಕರಿಗೆ ಬೇಕಾಗಿರುವುದು ಆ ದನಿಯಲ್ಲ, ಅಜ್ಜ ಪಂದ್ಯ ಶುರುವಾಗುವ ಮೊದಲು ಮೈಕಿನಲ್ಲಿ ಕೆಮ್ಮುತ್ತಿದ್ದರಲ್ಲ, ಆ ಕೆಮ್ಮು. ‘ಆ ಕೆಮ್ಮು ಕೇಳಿದ್ರೆ ಸಾಕು, ಊರಿಗೂರೇ ರೇಡಿಯೊ ಮುಂದೆ ಕೂರ್ತಿತ್ತು’ ಅನ್ನುತ್ತಾರೆ. ಗುಂಡಿ ಒತ್ತಿದರೆ ಅದು ಬರಬೇಕಂತೆ. ಆ ಕೆಮ್ಮು ರೇಡಿಯೊದಲ್ಲಿ ಕೇಳಿದವರಿಗೆ ಸೊಗಸು. ಬೆಳಿಗ್ಗೆ ಬಚ್ಚಲುಮನೆಯಿಂದ ಕೇಳಿದವರು ನಾವು. ಅದರ ಕೊನೆಗೆ ಬರುತ್ತಿದ್ದದ್ದನ್ನು ಹಿಡಿಯಲು ನೀನು ಬಿಳಿ ಬೋಗುಣಿ ಇಟ್ಟಿದ್ದೆ, ತೊಳೆದು ಕಿಟಕಿಯಲ್ಲಿ ಕವುಚುತ್ತಿದ್ದೆ. ಹಳದಿಯಾದ ಪರದೆ, ದಿಂಬಿನ ವಾಸನೆ, ಮಗುವಿನ ಹಾಲಿನಲ್ಲಿ ಬಿದ್ದ ಬೂದಿಯನ್ನು ನೀನು ಚಮಚದಲ್ಲಿ ತೆಗೆದು ಚೆಲ್ಲುತ್ತಿದ್ದದ್ದು, ಇದಾವುದಕ್ಕೂ ಗುಂಡಿ ಇಲ್ಲ. ಚಟ ಚಿಕ್ಕದು ಅನ್ನುವವರು ಅದನ್ನು ತೊಳೆದವರಲ್ಲ.

ನಿನ್ನೆ ಏನಾಯಿತೆಂದು ಹೇಳುತ್ತೇನೆ, ಅದಕ್ಕೇ ಈ ಕಾಗದ ಶುರುಮಾಡಿದ್ದು. ಬೊಂಬೆ ಮಾಡುವವರನ್ನು ನಾವು ಮೇಣದ ಮೇಷ್ಟ್ರು ಅನ್ನುತ್ತೇವೆ. ಸಿಡುಕು ಮನುಷ್ಯ, ಕೆಲಸದಲ್ಲಿ ಪಕ್ಕಾ. ಅವರು ಮೊದಲೇ ಯಾವುದೋ ಹಳೆಯ ಅಚ್ಚಿನಿಂದ ಒಂದು ಅಂಗೈ ಮಾಡಿ ತಂದಿದ್ದರು, ಪರೀಕ್ಷೆಗೆ. ‘ಮೇಣ ಬಿಸಿ ತಡೆಯಲ್ಲ ಸಾರ್, ಮೊದಲೇ ಹೇಳ್ತಿದೀನಿ, ಆಮೇಲೆ ನನ್ನ ಬೈಬೇಡಿ’ ಅಂದರು. ಮಾಲೀಕರು ಒಂದು ಸಿಗಾರು ಹಚ್ಚಿದರು. ಹಚ್ಚುವಾಗ ಅವರ ಮುಖ ನೋಡಬೇಕಿತ್ತು, ಅಜ್ಜನೇ ಮೈಮೇಲೆ ಬಂದ ಹಾಗೆ ತಲೆ ಹಿಂದಕ್ಕೆ ಚೆಲ್ಲಿದರು. ಸ್ವಲ್ಪ ಹೊತ್ತು ಎಳೆದು ಮೇಣದ ಅಂಗೈಗೆ ಬೂದಿ ತಟ್ಟಿದರು. ಬೂದಿ ಬಿದ್ದ ಜಾಗ ಬೂದುಬಣ್ಣಕ್ಕೆ ತಿರುಗಿ ಹೊಳಪು ಕಳೆದುಕೊಂಡಿತು. ಇನ್ನೊಮ್ಮೆ ತಟ್ಟಿದಾಗ ಬೂದಿಯ ಜೊತೆ ಒಂದು ಕೆಂಡದ ಚೂರು ಬಿತ್ತು. ಅಂಗೈಯ ನಡುವೆ ಗುಳಿ ಬಿದ್ದು ಮೇಣ ಕಣ್ಣೀರಿನ ಹಾಗೆ ಬೆರಳ ಸಂದಿಗೆ ಇಳಿಯಿತು. ‘ನಾ ಹೇಳ್ಲಿಲ್ವಾ’ ಅಂದರು ಮೇಷ್ಟ್ರು. ಆಮೇಲೆ ಇಬ್ಬರಿಗೂ ವಾದ. ಸಿಮೆಂಟಿನಲ್ಲಿ ಮಾಡಿ ಎಂದು ಮಾಲೀಕರು, ಸಿಮೆಂಟಿಗೆ ಚರ್ಮದ ಬಣ್ಣ ಕೂರಲ್ಲ ಎಂದು ಮೇಷ್ಟ್ರು. ಹಿತ್ತಾಳೆ ಮಾಡೋಣ ಎಂದರೆ ತೂಕ, ಪಿಂಗಾಣಿ ಎಂದರೆ ಬಿರುಕು. ‘ಅಯ್ಯೋ, ಒಂದು ಬೂದಿ ತಡಿಯೋ ಸಾಮಾನು ಇಲ್ವೇನ್ರೀ ಪ್ರಪಂಚದಲ್ಲಿ’ ಎಂದು ಮಾಲೀಕರು ತಲೆ ಚಚ್ಚಿಕೊಂಡರು. ನಾನು ಬಕೆಟ್ ಹಿಡಿದು ಅಲ್ಲೇ ನಿಂತಿದ್ದೆ. ಅಷ್ಟು ವರ್ಷ ಅದನ್ನು ತಡೆದದ್ದು ಏನಾಗಿತ್ತೆಂದು ಇಬ್ಬರಿಗೂ ನೆನಪಾಗಲಿಲ್ಲ.

ನನಗೆ ಸುಮ್ಮನಿರಲು ಬರುವುದಿಲ್ಲ, ನಿನಗೆ ಗೊತ್ತು. ಬಕೆಟ್ ಇಟ್ಟು ‘ಇದರ ಮೇಲೆ ನೋಡಿ’ ಎಂದು ನನ್ನ ಕೈ ಚಾಚಿದೆ. ಮೇಷ್ಟ್ರು ‘ತಲೆ ಕೆಟ್ಟಿದ್ಯಾ ಹುಡುಗಿ?’ ಅಂದರು. ಮಾಲೀಕರು ನಕ್ಕು, ಹುಡುಗಾಟಕ್ಕೆಂಬಂತೆ ತಟ್ಟಿದರು. ಅಜ್ಜಿ, ಇಲ್ಲಿ ನಾನು ಸುಳ್ಳು ಬರೆದರೆ ನಿನ್ನ ಅನುಕಂಪ ಸಿಗುತ್ತದೆ, ಆದರೆ ಬರೆಯಲಾರೆ. ಸುಡಲಿಲ್ಲ. ಬೆಕ್ಕಿನ ಮೂತಿ ತಾಗಿದ ಹಾಗೆ ಬೆಚ್ಚಗಿತ್ತು, ಅಷ್ಟೇ. ಇಷ್ಟೇನಾ ಅನಿಸಿತು. ಅಷ್ಟರಲ್ಲಿ ಅವರಿಬ್ಬರೂ ಮತ್ತೆ ಸಿಮೆಂಟಿನ ಮಾತಿಗೆ ಹೋದರು. ನಾನು ಕೈ ಚಾಚಿಯೇ ನಿಂತಿದ್ದೆ. ತೆಗೆದರೆ ಬೂದಿ ನೆಲಕ್ಕೆ ಬೀಳುತ್ತದೆ, ನೆಲ ಒರೆಸುವವಳು ನಾನೇ. ಮಾಲೀಕರು ಮಾತಾಡುತ್ತಾ ಮಾತಾಡುತ್ತಾ ನನ್ನ ಕಡೆ ನೋಡದೆಯೇ ಮತ್ತೊಮ್ಮೆ ತಟ್ಟಿದರು. ಅವರ ಬೆರಳಿಗೆ ನನ್ನ ಅಂಗೈ ಎಲ್ಲಿದೆಯೆಂದು ಆಗಲೇ ಗೊತ್ತಾಗಿಹೋಗಿತ್ತು. ತೋಳು ನೋಯತೊಡಗಿತು, ಮೂಗಿನ ತುದಿ ಕೆರೆಯಬೇಕು, ಕೆರೆಯುವಂತಿಲ್ಲ. ಅವರು ಏನೋ ಹೇಳಲು ಕುರ್ಚಿಯಲ್ಲಿ ಆಚೆಗೆ ವಾಲಿದರು, ಸಿಗಾರೂ ಆಚೆಗೆ ಹೋಯಿತು, ಬೂದಿ ಉದ್ದವಾಗಿ ಇನ್ನೇನು ಬೀಳುವಂತಿತ್ತು. ಆಗ ನನ್ನ ಕೈ ತಾನಾಗಿಯೇ ಅದರ ಕೆಳಗೆ ಹೋಯಿತು. ಯಾರೂ ಕರೆಯಲಿಲ್ಲ, ಯಾರೂ ಹೇಳಲಿಲ್ಲ. ನಾನೇ ಹೋದೆ. ನೆನೆದ ಸಿಗಾರಿನ ತುದಿಗಳನ್ನು ಇಷ್ಟು ದಿನ ಕತ್ತರಿಸಿದಾಗಲೂ ಬಾರದ ಹೇಸಿಗೆ ಆ ಕ್ಷಣ ಬಂತು. ಅವರ ಮೇಲಿನದ್ದಲ್ಲ. ಒಬ್ಬ ಮನುಷ್ಯ ಇನ್ನೊಬ್ಬರ ಕಡೆ ನೋಡದೆ ಕೆಲವೇ ಸಲ ಹೀಗೆ ಮಾಡಿದರೆ ಸಾಕು, ಕೈ ಕಲಿತುಬಿಡುತ್ತದೆ. ನಿನ್ನ ಕೈಗೆ ಎಷ್ಟೊಂದು ವರ್ಷ ಸಿಕ್ಕಿತ್ತು.

ಬೂದಿಯನ್ನು ಅಲ್ಲೇ ನೆಲಕ್ಕೆ ಕೊಡವಿ ‘ಸಾರ್, ಇದು ಅಸಹ್ಯ, ಇದನ್ನ ಮಾಡಬೇಡಿ’ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಕ್ಕು, ‘ನಿನಗೆ ಆ ಕಾಲದ ಪ್ರೀತಿ ಗೊತ್ತಿಲ್ಲ ಬುಗುರಿ’ ಅಂದರು. ಟಿಕೆಟ್ ಅಕ್ಕನೂ ಫೋಟೊ ನೋಡಿ, ‘ಪಾಪ, ಎಷ್ಟು ಹಚ್ಕೊಂಡಿದ್ರೋ ಗಂಡನ್ನ. ನಮ್ಮನೆಯವ್ರು ಬೂದಿ ಉದುರಿಸ್ತೀನಿ ಅಂದ್ರೆ ಪೊರಕೇಲಿ ಹೊಡೀತೀನಿ ನಾನು’ ಅಂದಳು. ಎರಡೂ ಮಾತು ಒಂದೇ ಉಸಿರಿನಲ್ಲಿ ಹೇಗೆ ಬಂತೆಂದು ಅವಳಿಗೆ ಕೇಳಿದೆ, ಅವಳಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ. ಸಂಜೆ ಚಿಕ್ಕಪ್ಪ ಫೋನ್ ಮಾಡಿದ. ಮಾಲೀಕರು ಚಾಡಿ ಹೇಳಿದ್ದರು. ‘ನಿನ್ನ ತಲೆಹರಟೆ ಶಾಲೆಗೇ ಮುಗೀತು ಅಂದ್ಕೊಂಡಿದ್ದೆ. ಅಪ್ಪ ಸಿಗಾರು ಸೇದ್ತಿದ್ದದ್ದು ಲೋಕಕ್ಕೇ ಗೊತ್ತಿರೋ ವಿಷಯ. ಅಮ್ಮ ನಗ್ತಾ ನಗ್ತಾ ಕೈ ಹಿಡೀತಿದ್ಲು, ನಾನೇ ಕಣ್ಣಾರೆ ನೋಡಿದೀನಿ’ ಅಂದ. ಹಾಗಾದರೆ ಪೂರ್ತಿ ಅಜ್ಜಿಯನ್ನೇ ಮಾಡಿಸು, ನಗುವ ಮುಖವೂ ಇರಲಿ ಎಂದೆ. ‘ಅಲ್ಲೆಲ್ಲ ಜಾಗ ಇಲ್ಲ ಕಣೆ’ ಅಂದ. ದಂಡನಾಯಕರ ಕುದುರೆಗೆ ಜಾಗ ಇದೆ ಅಜ್ಜಿ. ನಾನೇ ದಿನಾ ಅದರ ಬಾಲ ಬಾಚುತ್ತೇನೆ.

ಚಿಕ್ಕಪ್ಪ ಕೆಟ್ಟವನಲ್ಲ. ಅಜ್ಜ ಹೋದಮೇಲೆ ಯಾರೂ ಅವನನ್ನು ‘ಅವರ ಮಗ’ ಎಂದು ಗುರುತಿಸುತ್ತಿಲ್ಲ, ಅದು ಅವನಿಗೆ ಕೊರಗು. ಬೊಂಬೆಯಾದರೆ ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು ನಾಲ್ಕು ಮಾತಾಡಬಹುದು. ಅದಕ್ಕೆ ನಿನಗೆ ಸುಳ್ಳು ಹೇಳಿದ. ಸುಳ್ಳಿನಂಥ ಸುಳ್ಳೂ ಅಲ್ಲ, ಮಕ್ಕಳನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ ಹೇಳುವಂಥದ್ದು. ನೀನು ಮಗುವಲ್ಲ ಎಂಬುದೊಂದೇ ತೊಂದರೆ.

ಇಷ್ಟು ಬರೆದು ನನಗೇ ಒಂದು ಅನುಮಾನ. ನಿನಗೆ ಅದು ನಿಜವಾಗಿಯೂ ಇಷ್ಟವಾಗಿತ್ತೇನೋ. ಮನೆಯಲ್ಲಿ ಅಜ್ಜನನ್ನು ನೋಡಲು ಬಂದ ದೊಡ್ಡ ದೊಡ್ಡ ಜನ ಕೋಣೆ ತುಂಬ ಕೂತಿರುವಾಗ ಅಜ್ಜನ ಪಕ್ಕದಲ್ಲಿ ನಿಲ್ಲಲು ನಿನಗೆ ಸಿಕ್ಕ ಜಾಗ ಅದೊಂದೇ ಆಗಿತ್ತೇನೋ, ಬೂದಿ ತಟ್ಟೆಯಿದ್ದರೆ ಆ ಜಾಗವೂ ಇರುತ್ತಿರಲಿಲ್ಲವೇನೋ. ಅಲಮಾರಿಯಲ್ಲಿ ಗಾಜಿನ ಬೂದಿ ತಟ್ಟೆಗಳು ಸಾಲಾಗಿದ್ದದ್ದು ನನಗೆ ನೆನಪಿದೆ, ಬಂದವರೆಲ್ಲ ಅದನ್ನೇ ಉಡುಗೊರೆ ತರುತ್ತಿದ್ದರು. ಯಾಕೆ ಒಂದನ್ನೂ ಹೊರಗೆ ತೆಗೆಯಲಿಲ್ಲ ಎಂದು ನಾನು ಯಾವತ್ತೂ ಕೇಳಲಿಲ್ಲ. ನಿನಗೆ ಇಷ್ಟವಿತ್ತು ಎಂದಾದರೆ ಹಾಗೇ ಬರೆ. ನಾನು ಒಪ್ಪುವುದಿಲ್ಲ, ಆದರೆ ಓದುತ್ತೇನೆ, ಎರಡು ಸಲ ಓದುತ್ತೇನೆ. ಇಷ್ಟವಿದ್ದರೂ ಅದು ನಿನ್ನ ಮತ್ತು ಅಜ್ಜನ ನಡುವಿನದು. ಬಬಲ್ ಗಮ್ ಜಗಿಯುತ್ತಾ ಬಂದ ಯಾರೋ ಒಬ್ಬ ತನ್ನ ಹುಡುಗಿಗೆ ಫೋಟೊ ತೆಗೆಯಲು ಹೇಳಿ ನಿನ್ನ ಅಂಗೈಗೆ ತಟ್ಟುವುದಕ್ಕಲ್ಲ. ಸಂಜೆ ಅದನ್ನು ಖಾಲಿ ಮಾಡಿ ಒರೆಸುವವಳು ನಾನು. ನಿನ್ನ ಕೈಯನ್ನು ಹಾಗೆ ಒರೆಸಲು ನನ್ನಿಂದಾಗದು.

ಶನಿವಾರ ಚಿಕ್ಕಪ್ಪ ಕಾರು ತರುತ್ತಾನೆ. ನೀನು ಬರಬೇಡ. ಮಂಡಿ ನೋವು ಅನ್ನು, ಕಣ್ಣು ಮಂಜಾಗಿದೆ ಅನ್ನು, ಡಾಕ್ಟರು ಓಡಾಡಬಾರದು ಅಂದಿದ್ದಾರೆ ಅನ್ನು. ನಾನು ಯಾರಿಗೂ ಸುಳ್ಳು ಹೇಳಿಕೊಡುವವಳಲ್ಲ, ಆದರೂ ಈ ಸಲ ಹೇಳಿಕೊಡುತ್ತಿದ್ದೇನೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಅತ್ತೆಯ ಜೊತೆ ಎಲ್ಲಾದರೂ ಐಸ್‌ಕ್ರೀಂ ತಿನ್ನಲು ಹೋಗು, ಬಣ್ಣ ಹಚ್ಚಿಸಿಕೊಂಡದ್ದು ದಂಡವಾಗಬಾರದು.

ಬಿಡುವು ಮುಗಿಯಿತು, ಕೆಳಗಿನಿಂದ ಕರೆಯುತ್ತಿದ್ದಾರೆ. ಡ್ರಾಪ್ಸ್ ತಪ್ಪಿಸಬೇಡ. ಅತ್ತೆಗೆ ಕೇಳಿದೆನೆಂದು ಹೇಳು, ಏನು ಬರೆದೆನೆಂದು ಹೇಳಬೇಡ. ನಿನ್ನ ಮಡಿಲಲ್ಲಿ ತಲೆಯಿಟ್ಟು ಒಂದು ಮಧ್ಯಾಹ್ನ ಮಲಗುವ ಆಸೆಯಿದೆ, ಅದನ್ನು ಎತ್ತಿಟ್ಟಿರು.

ನಿನ್ನ ನಿಲ್ಲಲಾರದ
ಬುಗುರಿ

ಕಡೆಗೆ ಸೇರಿಸಿದ್ದು: ಲಕೋಟೆ ಅಂಟಿಸುವ ಮೊದಲೇ ಇದನ್ನು ಸೇರಿಸಬೇಕಾಗಿ ಬಂತು, ಅಂಚೆಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಮಾಲೀಕರು ಕರೆದು, ‘ನಿಮ್ಮಜ್ಜಿಗೆ ಮಂಡಿ ನೋವಂತೆ, ಬರದಿದ್ರೆ ನಿನ್ನ ಕೈಯೇ ಆಗುತ್ತೆ, ಅದೇ ಉದ್ದ ಬೆರಳು’ ಅಂದರು. ಆಗುವುದಿಲ್ಲ ಅಂದೆ. ಹಾಗಾದರೆ ನಾಳೆಯಿಂದ ಬರಬೇಡ ಅಂದರು. ಅದು ಹೋಗಲಿ, ಕೆಲಸ ಇನ್ನೊಂದು ಸಿಗುತ್ತದೆ. ಟಿಕೆಟ್ ಅಕ್ಕನ ಕೈಯ ಅಚ್ಚು ತೆಗೆಯುತ್ತಾರಂತೆ, ಅವಳು ಒಪ್ಪಿದ್ದಾಳೆ. ಯಾರ ಕೈ ಆದರೂ ಅದರ ಕೆಳಗೆ ಬರೆಯುವುದು ನಿನ್ನದೆಂದೇ. ಆದ್ದರಿಂದ ಮೇಲೆ ಬರೆದದ್ದನ್ನು ಹೊಡೆದುಹಾಕು, ನೆಪ ಹೇಳಿ ಬಾರದೆ ಉಳಿದರೆ ಸಾಲದು. ನಾನು ನೇರವಾಗಿ ಕೇಳಿದೆ, ಅಜ್ಜಿಗೆ ಇಷ್ಟವಿಲ್ಲದಿದ್ದರೆ ಏನು ಮಾಡುತ್ತೀರಿ ಎಂದು. ‘ಆಯಮ್ಮ ನನ್ನ ಮುಖಕ್ಕೆ ಬೇಡ ಅಂದ್ರೆ ಇವತ್ತೇ ನಿಲ್ಲಿಸ್ತೀನಿ. ಸುಮ್ಮನಿದ್ರೆ ಒಪ್ಪಿಗೆ ಅಂತ ಅರ್ಥ. ಅನ್ನಲ್ಲ ಬಿಡು, ಯಾವತ್ತಾದ್ರೂ ಅಂದಿದಾರಾ?’ ಅಂದರು. ಶನಿವಾರ ಚಿಕ್ಕಪ್ಪನ ಜೊತೆ ಅವರೂ ಬರುತ್ತಾರೆ, ಹೂಗುಚ್ಛ ಹಿಡಿದು. ಕಾರಣ ಕೊಡಬೇಡ ಅಜ್ಜಿ, ಕಾರಣ ಕೊಟ್ಟರೆ ಅವರು ಅದಕ್ಕೊಂದು ಉತ್ತರ ಹುಡುಕುತ್ತಾರೆ. ಆ ಒಂದು ಮಾತು ಸಾಕು. ನಿನ್ನ ಬಾಯಲ್ಲಿ ಅದನ್ನು ನಾನಂತೂ ಕೇಳಿಲ್ಲ, ಅಭ್ಯಾಸವಿರಲಿಕ್ಕಿಲ್ಲ. ಅತ್ತೆ ಅಂಗಡಿಗೆ ಹೋದಾಗ ಬಾಗಿಲು ಹಾಕಿಕೊಂಡು ಒಂದು ಸಲ ಜೋರಾಗಿ ಹೇಳಿ ನೋಡು.